ಬೆನ್ನ ಹಿಂದಿನ ಪೆಟ್ಟು

ನಾನು ಒಂದು ಕೋಲಾಟದ ಕೋಲು. ಬಡಗಿ ಸಿದ್ದಾಚಾರ್ರು ಹುಣಸೆ ಕೊಂಬೆಯಿಂದ ನನ್ನನ್ನು ಕೆತ್ತಿದರು. ತುದಿಯನ್ನು ಉಜ್ಜಿ ಉಜ್ಜಿ ಗುಂಡಗೆ ಮಾಡಿ, ತಮ್ಮ ರೆಪ್ಪೆಯ ಮೇಲೆ ಒತ್ತಿ ನೋಡಿದರು. ರೆಪ್ಪೆಯ ಕೆಳಗೆ ಕಣ್ಣುಗುಡ್ಡೆ ಮೆತ್ತಗೆ ಅಲುಗಿತು. ಅವತ್ತೇ ನನ್ನೊಳಗೆ ಭಯ ಹೊಕ್ಕಿತು.

ನನ್ನನ್ನು ಕೊಂಡವರು ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದ ಹೊನ್ನಮ್ಮ. ಸಂಜೆ ಮಹಿಳಾ ಸಮಾಜದ ಹಾಲಿನಲ್ಲಿ ಎಂಟು ಹೆಂಗಸರು ಸುತ್ತುಗಟ್ಟಿ ಆಡುತ್ತಿದ್ದರು. ಎದುರುಬದುರು ನಿಂತು ಹೊಡೆಯುವಾಗ ನನಗೆ ಅಂಥ ದಿಗಿಲಿರಲಿಲ್ಲ. ಆದರೆ ಒಂದು ವರಸೆಯಿತ್ತು. ಬೆನ್ನಿಗೆ ಬೆನ್ನು ಕೊಟ್ಟು, ತಿರುಗಿ ನೋಡದೆ, ತಲೆಯ ಮೇಲಿಂದ ಹಿಂದಕ್ಕೆ ಬೀಸಿ ಜೊತೆಗಾತಿಯ ಕೋಲಿಗೆ ತಾಗಿಸಬೇಕು. ಆಗ ಹೊನ್ನಮ್ಮನಿಗೆ ಏನೂ ಕಾಣುತ್ತಿರಲಿಲ್ಲ. ನನಗೆ ಕಾಣುತ್ತಿತ್ತು, ಆದರೆ ನಿಲ್ಲುವುದು ನನ್ನ ಕೈಲಿರಲಿಲ್ಲ.

ಒಂದು ಸಂಜೆ ಜೊತೆಗಾತಿ ಗಂಗಮ್ಮ ತಾಳ ತಪ್ಪಿ ಬೇಗ ತಿರುಗಿಬಿಟ್ಟರು. ನಾನು ಅವರ ಹುಬ್ಬಿಗೆ ಬಡಿದೆ. ನಾಲ್ಕು ಹೊಲಿಗೆ ಬಿತ್ತು. "ಇನ್ನೊಂದು ಬೆರಳು ಕೆಳಗಾಗಿದ್ರೆ ಕಣ್ಣೇ ಹೋಗ್ತಿತ್ತು" ಅಂದರಂತೆ ಡಾಕ್ಟರು. ಹೊನ್ನಮ್ಮ ನನ್ನನ್ನು ನಲ್ಲಿಯ ಕೆಳಗೆ ಮತ್ತೆ ಮತ್ತೆ ತೊಳೆದರು. ಆಮೇಲೆ ಅವರು ಆಡಲೇ ಇಲ್ಲ.

ನಾನು ಸೊಸೆ ಜಯಶೀಲಳ ಕೈಗೆ ಬಂದೆ. ಗಟ್ಟಿ ಕೈ. ಜಿಲ್ಲಾ ಸ್ಪರ್ಧೆಗೆ ತಯಾರು ಮಾಡಲು ಬಂದ ರಂಗಧಾಮಯ್ಯ ಮೇಷ್ಟ್ರು, "ಇನ್ನೂ ಜೋರು, ಇನ್ನೂ ಜೋರು" ಅನ್ನುತ್ತಿದ್ದರು. ತಿಂಗಳೊಳಗೆ ನನ್ನ ಒಡಲಲ್ಲಿ ಸೀಳು ಬಿಟ್ಟಿತು. ಹೊರಗೆ ಕೂದಲೆಳೆಯಷ್ಟೇ, ಯಾರಿಗೂ ಕಾಣಲಿಲ್ಲ. ನಾನು ಚೀರಿದ್ದೆಲ್ಲ ಅವರಿಗೆ ತಾಳವಾಗಿಯೇ ಕೇಳುತ್ತಿತ್ತು.

ಸ್ಪರ್ಧೆಯ ದಿನ ಜಯಶೀಲಳ ಜೊತೆಗಾತಿ ಟೈಲರ್ ಮೆಹರುನ್ನಿಸಾ. ಹಾಡು ಏರಿತು. ಬೆನ್ನು ತಿರುಗಿಸುವ ಮೊದಲಿನ ಪೆಟ್ಟಿಗೆ ನನ್ನಿಂದ ಒಡಕು ದನಿ ಬಂತು. ಜಯಶೀಲಳ ಬೆರಳು ಬಿಗಿಯಾದವು. ಅವಳಿಗೆ ಕೇಳಿಸಿತೋ ಇಲ್ಲವೋ. ಇನ್ನೊಂದು ಏಟು ಬಿದ್ದರೆ ಚೂರು ಎತ್ತ ಹಾರುವುದೋ.

"ನಿಲ್ಸ್ರಿ. ಎಲ್ರೂ ಕೋಲು ಕೆಳಗಿಳಿಸ್ರಿ" ಅಂದಳು ಜಯಶೀಲ.

ಎಂಟೂ ಜನ ನಿಂತರು. ಹಾಡು ಎರಡು ಸಾಲು ಮುಂದಕ್ಕೆ ಹೋಗಿ ತಾನೂ ನಿಂತಿತು. ಸಭೆಯಲ್ಲಿ ಯಾರೋ ನಕ್ಕರು.

ಪರದೆಯ ಹಿಂದೆ ಮೇಷ್ಟ್ರು ಕೆಂಡವಾಗಿದ್ದರು. "ಗೆಲ್ಲೋ ಆಟ ಕೆಡಿಸ್ಬಿಟ್ಯಲ್ಲಮ್ಮ."

"ಕೋಲು ಸೀಳೈತೆ ಮೇಷ್ಟ್ರೇ. ಈ ಅಕ್ಕ ಸೂಜಿಗೆ ದಾರ ಪೋಣ್ಸಿ ಬದುಕೋರು."

"ಎಲ್ಲೈತೆ ಸೀಳು?" ಎಂದು ಮೇಷ್ಟ್ರು ನನ್ನನ್ನು ಕಸಿದು ಕಂಬಕ್ಕೆ ಬೀಸಿದರು. ನಾನು ಎರಡಾದೆ. ಬೆರಳುದ್ದದ ಚೂರೊಂದು ಅವರ ಕಿವಿಯ ಪಕ್ಕ ಹಾರಿ ಪರದೆಗೆ ನಾಟಿತು. ಮೇಷ್ಟ್ರು ಅದನ್ನೇ ನೋಡುತ್ತಾ ನಿಂತರು. ಮೆಹರುನ್ನಿಸಾ ಜಯಶೀಲಳ ಕೈ ಹಿಡಿದುಕೊಂಡರು, ಬಿಡಲಿಲ್ಲ.

"ಇನ್ಮೇಲೆ ಆ ಬೆನ್ನು ತಿರುಗ್ಸೋ ವರಸೆ ಬೇಡ" ಅಂದರು ಮೇಷ್ಟ್ರು, ತಗ್ಗಿದ ದನಿಯಲ್ಲಿ.

ಉಳಿದ ಅರ್ಧ ನಾನು ಈಗ ಮಹಿಳಾ ಸಮಾಜದ ಹಾಲಿನಲ್ಲಿ, ಮೇಲೆತ್ತಿದ ಕಿಟಕಿಯ ಬಾಗಿಲು ಬೀಳದಂತೆ ಆನಿಕೆಯಾಗಿದ್ದೇನೆ. ಅವರು ಮುಖ ನೋಡಿಕೊಂಡೇ ಆಡುತ್ತಾರೆ. ಆದರೂ ಮೊದಲ ಪೆಟ್ಟು ಕೇಳಿದೊಡನೆ ನನಗೆ ಹೆದರಿಕೆ. ಆಟ ಮುಗಿದು ಎಂಟೂ ಜನ ನಗುತ್ತಾ ಬಾಗಿಲು ದಾಟುವುದನ್ನು ನೋಡಿದ ಮೇಲೆಯೇ, ಈ ಕಿಟಕಿಯ ಭಾರ ನನಗೆ ಹಗುರವಾಗುವುದು.