ಅಳತೆ ತೆಗೆಯದೆ ಓಡಿದವರು

ಆ ಹೊಲಿಗೆ ಅಂಗಡಿಯಲ್ಲಿ ಮೊದಲು ಎರಡು ಮೆಷಿನ್ ಓಡುತ್ತಿದ್ದವು. ಈಗ ಒಂದೇ. ಇನ್ನೊಂದರ ಮುಂದೆ ಕೂರುತ್ತಿದ್ದ ಅಣ್ಣ ತೀರಿಹೋಗಿ ಮೂರು ತಿಂಗಳಾಯಿತು.

ಈಗ ತಮ್ಮನಿಗೂ ಡಾಕ್ಟರು ಅಣ್ಣನಿಗೆ ಹೇಳಿದ್ದ ಮಾತನ್ನೇ ಹೇಳಿದ್ದರು. "ಸಕ್ಕರೆ ಇದೆ, ಬಿಪಿ ಇದೆ. ವ್ಯಾಯಾಮ ಮಾಡಿ." ಅದನ್ನು ಕೇಳಿದಾಗಿನಿಂದ ಅವನ ಹೆಂಡತಿಗೆ ಅನ್ನ ಸೇರುತ್ತಿಲ್ಲ. ಗಂಡ ನಡಿಗೆಗೆಂದು ತಂದ ಹೊಸ ಬೂಟನ್ನು ಚಿಂದಿ ಮೂಟೆಯೊಳಗೆ ಬಚ್ಚಿಟ್ಟುಬಿಟ್ಟಳು.

ಬಿಪಿ ನೋಡಲು ಬಂದ ನರ್ಸಕ್ಕ ಕೇಳಿದರು, "ಏನಮ್ಮಾ, ಯಜಮಾನ್ರು ನಡೀತಿದ್ದಾರಾ?"

"ನಡೆಯೋದೂ ಬೇಡ, ಓಡೋದೂ ಬೇಡ. ವ್ಯಾಯಾಮಾನೇ ನಮ್ಮ ಭಾವನ್ನ ತಿಂದಿದ್ದು. ಇವರನ್ನೂ ಕಳ್ಕೊಂಡ್ರೆ ನಾನೆಲ್ಲಿಗೆ ಹೋಗ್ಲಿ?"

"ದಿನವಿಡೀ ಪೆಡಲ್ ತುಳೀತೀನಲ್ಲಕ್ಕಾ, ಸಾಲ್ದಾ?" ಗಂಡ ಗೊಣಗಿದ.

"ಮೋಟಾರ್ ಹಾಕಿಸಿ ನಾಲ್ಕು ವರ್ಷ ಆಯ್ತು. ಈಗ ದುಡಿಯೋದು ನಿಮ್ಮ ಕಾಲಿನ ಹೆಬ್ಬೆರಳು ಮಾತ್ರ," ಎಂದರು ನರ್ಸಕ್ಕ. ಯಾರೂ ನಗಲಿಲ್ಲ.

ಮೂಲೆಯಲ್ಲಿ ಗುಂಡಿ ಹಾಕುತ್ತಿದ್ದ ವಾರಗಿತ್ತಿ, ತೀರಿಹೋದ ಅಣ್ಣನ ಹೆಂಡತಿ, ಸೂಜಿ ಕೆಳಗಿಟ್ಟಳು. ಮೂರು ತಿಂಗಳಿಂದ ಅವಳು ಆ ವಿಷಯವಾಗಿ ತುಟಿ ಬಿಚ್ಚಿರಲಿಲ್ಲ.

"ವ್ಯಾಯಾಮ ತಿನ್ನಲಿಲ್ಲ ಕಣೇ. ಇಸಿಜಿ ಮಾಡಿಸಿ, ನಿಧಾನ ಶುರು ಮಾಡಿ ಅಂತ ಡಾಕ್ಟರು ಬಡ್ಕೊಂಡ್ರು. ನಮ್ಮೋರು ಸ್ಕೂಲ್ ಯೂನಿಫಾರ್ಮ್ ಆರ್ಡರ್ ಥರ ಒಂದೇ ಏಟಿಗೆ ಮುಗಿಸ್ತೀನಿ ಅಂದ್ರು. ಇಪ್ಪತ್ತು ವರ್ಷ ಕೂತಿದ್ದ ಮೈ. ಮೊದಲ ದಿನಾನೇ ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತು ಸಲ ಓಡೋಡಿ ಹತ್ತಿಳಿದ್ರು. ಮೂರನೇ ದಿನ ಎದೆ ಹಿಂಡ್ತಿದೆ, ಎಡಗೈ ಎಳೀತಿದೆ ಅಂದ್ರು. ಗ್ಯಾಸ್ ಇರ್ಬೇಕು, ಬಿಸಿನೀರು ಕುಡೀರಿ ಅಂದೋಳು ನಾನೇ. ಮಾರನೇ ದಿನ ಮತ್ತೆ ಹೋದ್ರು. ಆ ಮೆಟ್ಟಿಲ ಮೇಲೇ..."

ತಮ್ಮನ ಹೆಂಡತಿ ಎದ್ದು ಅವಳ ಪಕ್ಕಕ್ಕೆ ಬಂದಳು. ಇಷ್ಟು ದಿನ ಇದನ್ನೆಲ್ಲ ಒಬ್ಬಳೇ ನುಂಗಿಕೊಂಡು ಕೂತಿದ್ದಳಲ್ಲ! "ಅಕ್ಕಾ," ಎಂದು ಅವಳ ಕೈ ಹಿಡಿದುಕೊಂಡಳು.

"ತಪ್ಪು ನಿಮ್ಮೊಬ್ಬರದಲ್ಲಮ್ಮ. ಮನೆಮನೆಗೂ ಇದನ್ನ ನಾವು ಹೇಳ್ಬೇಕಿತ್ತು," ಎಂದ ನರ್ಸಕ್ಕ ತಮ್ಮನ ಕಡೆ ತಿರುಗಿದರು. "ಅಳತೆ ತೆಗೀದೆ ಬಟ್ಟೆಗೆ ಕತ್ತರಿ ಹಾಕ್ತೀರಾ? ಇಲ್ಲ ತಾನೇ? ಮೊದಲು ಇಸಿಜಿ. ಡಾಕ್ಟರು ಹೂಂ ಅಂದ್ಮೇಲೆ ಹತ್ತೇ ನಿಮಿಷ ನಡಿಗೆ. ನಡೀತಾ ಮಾತಾಡೋಕೆ ಆಗ್ಬೇಕು, ಅಷ್ಟೇ ವೇಗ. ಶುರುವಲ್ಲೂ ಕೊನೇಲೂ ನಿಧಾನ. ವಾರಕ್ಕೆ ಐದು ನಿಮಿಷದಂತೆ ಏರಿಸಿ ಅರ್ಧ ಗಂಟೆ ಮುಟ್ಟಿಸಿ. ವಾರದಲ್ಲಿ ಐದು ದಿನ ಸಾಕು. ಎರಡು ದಿನ ಕುರ್ಚಿಯಿಂದ ಹತ್ತು ಸಲ ಎದ್ದು ಕೂತ್ಕೊಳ್ಳಿ, ಕಾಲಿಗೆ ಬಲ ಬರುತ್ತೆ. ಜ್ವರ ಇದ್ರೆ ಬೇಡ. ಎದೆ ಬಿಗಿದ್ರೆ, ತಲೆ ಸುತ್ತಿದ್ರೆ ಅಲ್ಲೇ ನಿಲ್ಲಿಸಿ, ನೇರ ಆಸ್ಪತ್ರೆಗೆ."

ಮರುದಿನ ಹೆಂಡತಿಯೇ ಗಂಡನನ್ನು ಕರೆದುಕೊಂಡು ಹೋದಳು. ಇಸಿಜಿ ಸರಿಯಿರಲಿಲ್ಲ. ಅವನೂ ಅಣ್ಣನಂತೆ ಓಡಿದ್ದರೆ ಏನಾಗುತ್ತಿತ್ತೋ! ಡಾಕ್ಟರು ಮಾತ್ರೆ ಕೊಟ್ಟು, ತಿಂಗಳು ಬಿಟ್ಟು ನಡೆಯಲು ಒಪ್ಪಿದರು. ಬೂಟು ಮೂಟೆಯಿಂದ ಹೊರಬಂತು.

ಈಗ ಬೆಳಿಗ್ಗೆ ಮೂವರೂ ನಡೆಯುತ್ತಾರೆ. ಹೊರಡುವ ಮುಂಚೆ ಅತ್ತಿಗೆ ಬಾಗಿಲಿಗೆ ಅಡ್ಡ ನಿಂತು, "ಎದೆ ಹೇಗಿದೆಯಪ್ಪಾ?" ಎಂದು ಮೈದುನನನ್ನು ಕೇಳುತ್ತಾಳೆ. ಅವನು ಬಾಯಿಬಿಟ್ಟು ಉತ್ತರ ಹೇಳುವವರೆಗೂ ದಾರಿ ಬಿಡುವುದಿಲ್ಲ.

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಕೂತು ದುಡಿಯುವ ಮೈಗೆ ವ್ಯಾಯಾಮ ಬೇಕೇ ಬೇಕು. ಆದರೆ ಪರೀಕ್ಷೆ ಮಾಡಿಸಿ, ಸ್ವಲ್ಪಸ್ವಲ್ಪವಾಗಿ ಶುರು ಮಾಡಿ. ನೋವಾದರೆ ಮುಚ್ಚಿಡದೆ ಹೇಳಿ. ಹೇಳಿದವರ ಮಾತನ್ನು ಮನೆಯವರು ತಳ್ಳಿಹಾಕಬೇಡಿ. ಎದೆ ಕೊಡುವ ಎಚ್ಚರಿಕೆ ಎರಡನೇ ಸಲ ಬರುತ್ತದೆಂಬ ಖಾತ್ರಿಯಿಲ್ಲ.