ಮದುವೆಯ ದೃಶ್ಯದಲ್ಲಿ ತೆಕ್ಲಾ ಅತ್ತೆ ಆಡಿದ ಮಾತು

1
ಎಲ್ಲಿಂದ ಶುರು ಮಾಡಲಿ? ಸಿನಿಮಾದ ನಾಯಕಿಯಿಂದ ಶುರು ಮಾಡಿದರೆ ತೆಕ್ಲಾ ಅತ್ತೆಗೆ ಸಿಟ್ಟು. ನಾಯಕಿ ಮನಿಲಾದವಳು, ಹಾಲುಬಣ್ಣದವಳು. ನಮ್ಮ ಇಗೊರೋಟ್ ಬುಡಕಟ್ಟಿನ ಗುಡ್ಡದ ಹುಡುಗಿಯಾಗಲು ದಿನಾ ಬೆಳಿಗ್ಗೆ ಮೈಗೆ ಕಂದು ಬಣ್ಣ ಬಳಿಸಿಕೊಳ್ಳುತ್ತಿದ್ದಳು. ನಿಜವಾದ ಗುಡ್ಡದ ಹುಡುಗಿ, ಹತ್ತೊಂಬತ್ತರ ನಮ್ಮತ್ತೆ, ಅವಳ ಹಿಂದೆ ಬುಟ್ಟಿ ಹೊತ್ತು ನಿಂತಿದ್ದಳು. (ಗುಡ್ಡದ ಜನರಿಗೂ ತೆರೆಯ ಮೇಲೆ ಜಾಗ ಕೊಟ್ಟ ಪ್ರೇಮಚಿತ್ರ ಎಂದು ಪತ್ರಿಕೆಗಳು ಕೊಂಡಾಡಿದವು. ಜಾಗವೇನೋ ಕೊಟ್ಟರು, ಬುಟ್ಟಿಯಷ್ಟು.)

2
ಮೊದಲ ಡ್ರಾಫ್ಟಿನಲ್ಲಿ "ಅತ್ತೆ ಅತ್ತಳು" ಎಂದು ಬರೆದಿದ್ದೆ. ಓದಿ ಹೇಳಿದೆ.

"ನಾನೆಲ್ಲೋ ಅತ್ತೆ? ಹೊಡೆದ್ಹಾಕು ಅದನ್ನ."

ಹೊಡೆದುಹಾಕಿದೆ.

3
1964. ಮದುವೆಯ ದೃಶ್ಯ. ಪಟ್ಟೆ ಚೆನ್ನಾಗಿದೆ ಎಂದು ವಸ್ತ್ರವಿಭಾಗದವರು ಊರಿನಿಂದ ಒಂದು ಕಂಬಳಿ ತಂದು ಮದುಮಗಳಿಗೆ ಹೊದಿಸಿದರು. ನಮ್ಮೂರಲ್ಲಿ ಅದನ್ನು ಸತ್ತವರಿಗಷ್ಟೇ ಹೊದಿಸುತ್ತಾರೆ.

"ನಿಮ್ ಭಾಷೇಲೇ ಏನಾದ್ರೂ ಹರಸಮ್ಮ," ಎಂದ ನಿರ್ದೇಶಕ ಅತ್ತೆಗೆ. "ಏನಂದ್ರೂ ನಡಿಯುತ್ತೆ, ಯಾರಿಗೂ ಅರ್ಥ ಆಗಲ್ಲ."

ಕ್ಯಾಮೆರಾ ಓಡಿತು. ಅತ್ತೆ ನಾಯಕಿಯ ಎರಡೂ ಕೈ ಹಿಡಿದುಕೊಂಡಳು. "ಅಕ್ಕಾ, ಇದು ಹೆಣಕ್ಕೆ ಹೊದಿಸೋದು! ತೆಗಿ, ಬೇಗ ತೆಗಿ!"

ನಾಯಕಿ ನಾಚಿ ನಕ್ಕಳು. "ಎಂಥಾ ಭಾವ!" ಎಂದ ನಿರ್ದೇಶಕ.

ಸಿನಿಮಾ ಬಂದಾಗ ಅವಳ ಮಾತಿನ ಅನುವಾದ ತೆರೆಯ ಕೆಳಗೆ ಹೀಗೆ ಬಂತು: ನಿಮ್ಮ ಒಲವು ಬೆಟ್ಟದಂತೆ ನಿಲ್ಲಲಿ.

4
ಹೋದ ವರ್ಷ ಮರಿವಿಕ್ ಎಂಬ ಹುಡುಗಿ ಆ ಹಳೆಯ ರೀಲುಗಳನ್ನು ಸರಿಪಡಿಸಿ, ಮನಿಲಾದಿಂದ ನಮ್ಮ ಚರ್ಚಿನ ಹಾಲಿಗೆ ತಂದಳು. ಆ ದೃಶ್ಯ ಬಂದಾಗ ಮುದುಕರೆಲ್ಲ ತಲೆ ತಗ್ಗಿಸಿದರು. ಯಾಕೆಂದು ಕೇಳಿದಳು. ಅತ್ತೆ ಹೇಳಿದಳು.

"ಅಯ್ಯೋ ಅಜ್ಜಿ! ಇಷ್ಟು ವರ್ಷ ನಿಮ್ಮ ಮಾತನ್ನ ಮುಚ್ಚಿಟ್ಟಿದ್ರು. ನಾನು ಸರಿ ಮಾಡ್ತೀನಿ."

ಮಾಡಿದಳು ಕೂಡ.

5
(ಇಲ್ಲಿಗೆ ಮುಗಿಸಬಹುದಿತ್ತು. ಕಥಾಸ್ಪರ್ಧೆಯ ಪ್ರಶಸ್ತಿ ಸಮಿತಿಗೂ ಇಂಥ ಮುಕ್ತಾಯವೇ ಇಷ್ಟ.)

ಆದರೆ ಮನಿಲಾದ ಪ್ರದರ್ಶನಕ್ಕೆ ಅತ್ತೆಯನ್ನು ಕರೆಸಿದರು. ನಾನೂ ಹೋಗಿದ್ದೆ. ತೆರೆಯ ಮೇಲೆ ಸರಿಯಾದ ಸಾಲು ಮೂಡಿದ್ದೇ ತಡ, ಥಿಯೇಟರೆಲ್ಲ ಗೊಳ್ಳೆಂದು ನಕ್ಕಿತು. ಯಾರೋ ಶಿಳ್ಳೆ ಹೊಡೆದರು.

"ಎಂಥಾ ಚೇಷ್ಟೆ ಅಜ್ಜಿ ನಿಮ್ದು! ಸಿನಿಮಾದವರಿಗೇ ಟೋಪಿ ಹಾಕಿದ್ರಲ್ಲ!" ಎಂದ ಕಾರ್ಯಕ್ರಮದ ನಿರೂಪಕ.

ಅತ್ತೆ ಮೈಕು ಹಿಡಿದಳು. "ಚೇಷ್ಟೆ ಅಲ್ಲಪ್ಪಾ. ಆ ಹುಡುಗಿ ಸತ್ತುಹೋಗ್ತಾಳೆ ಅಂತ ಹೆದರಿದ್ದೆ."

6
ಮುಕ್ತಾಯ (ಅ): ಸಭೆ ನಾಚಿಕೆಯಿಂದ ಸ್ತಬ್ಧವಾಯಿತು.
ಮುಕ್ತಾಯ (ಆ): ಕೊನೆಯ ಸಾಲಿನಿಂದ ಮುದಿ ನಾಯಕಿ ಎದ್ದು ಬಂದು ಅತ್ತೆಯನ್ನು ತಬ್ಬಿಕೊಂಡಳು.

ಎರಡನ್ನೂ ಓದಿ ಹೇಳಿದೆ.

"ಸುಳ್ಳು. ಯಾರೂ ಸುಮ್ಮನಾಗಲಿಲ್ಲ, ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ಅವಳೂ ಬಂದಿರಲಿಲ್ಲ." ಅತ್ತೆ ಕನ್ನಡಕ ತೆಗೆದು ನನ್ನನ್ನೇ ನೋಡಿದಳು. "ನನಗೆ ಅನ್ಯಾಯ ಆಯ್ತು ಅಂತ ಇಷ್ಟುದ್ದ ಬರೆದಿದ್ದೀಯಲ್ಲ, ಆ ಕಂಬಳಿ ಹೊದ್ದ ಹುಡುಗಿ ಬದುಕಿದ್ದಾಳೋ ಇಲ್ವೋ, ಯಾರನ್ನಾದ್ರೂ ಕೇಳಿದ್ಯಾ?"

ಕೇಳಿರಲಿಲ್ಲ. ಮರಿವಿಕ್ ಕೂಡ ಕೇಳಿರಲಿಲ್ಲ. ಓದುಗರೇ, ನಿಮಗಾದರೂ ಹೊಳೆದಿತ್ತೇ?

"ಪೆನ್ನು ಕೆಳಗಿಡು," ಎಂದಳು ಅತ್ತೆ. "ಫೋನ್ ತಗೋ."