ಎರಡು ಮೊಳ ನಗು

ಅವನ ಬಗ್ಗೆ ಬರೆದವರೆಲ್ಲ ಶುರುಮಾಡುವುದು ಅವನ ಬೆರಳುಗಳಿಂದ. ಆ ನೀಳ ಬೆರಳುಗಳಂತೆ, ಬಿಲ್ಲು ಹಿಡಿಯುವ ಆ ಠೀವಿಯಂತೆ, ಮುಚ್ಚಿದ ಆ ಕಣ್ಣುಗಳಂತೆ. ನಾವು ಕಾಲಿನಿಂದ ಶುರುಮಾಡೋಣ. ಅವನ ಮೈಯಲ್ಲಿ ಸುಳ್ಳು ಹೇಳಲು ಕಲಿಯದ ಅಂಗ ಅದೊಂದೇ.

ಹೆಸರಾಂತ ಪಿಟೀಲುಗಾರ. ಬಸ್ ನಿಲ್ದಾಣದ ಗೋಡೆಯ ಮೇಲೂ ಅವನ ಪೋಸ್ಟರು, ಕ್ಷೌರದಂಗಡಿಯಲ್ಲೂ ಅವನ ರೆಕಾರ್ಡು. ಅಭಿಮಾನಿಗಳು 'ಗುರುಗಳು' ಅನ್ನುತ್ತಿದ್ದರು. ಅವನನ್ನು ಮದುವೆಯಾದ ಹುಡುಗಿಯ ಸೋದರತ್ತೆ ಮಾತ್ರ ಮೊದಲ ದಿನದಿಂದಲೂ 'ಮಹಾನುಭಾವ' ಎಂದೇ ಕರೆದಳು. ಆಸ್ಪತ್ರೆಯಲ್ಲಿ ನರ್ಸಾಗಿ ತಲೆ ನರೆಸಿಕೊಂಡ ಹೆಂಗಸು ಆಕೆ. ಎಂತೆಂಥ ದೊಡ್ಡ ಮನುಷ್ಯರನ್ನೂ ಹಿಂದೆ ಗುಂಡಿಯಿಲ್ಲದ ಆಸ್ಪತ್ರೆಯ ಅಂಗಿಯಲ್ಲಿ ನೋಡಿ ನೋಡಿ ಭಯಭಕ್ತಿ ಅನ್ನುವುದು ಯಾವತ್ತೋ ಹೊರಟುಹೋಗಿತ್ತು. ನಾವೂ ಹಾಗೇ ಕರೆಯೋಣ, ಒಪ್ಪುತ್ತದೆ.

ತಾಯಿತಂದೆಯಿಲ್ಲದ ಆ ಹುಡುಗಿಯನ್ನು ಸಾಕಿದವಳು ಈ ಅತ್ತೆಯೇ. ಹುಡುಗಿ ಕೆಲಸ ಮಾಡುತ್ತಿದ್ದದ್ದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ. ಆಗೆಲ್ಲ ಧ್ವನಿ ಕಂದು ಬಣ್ಣದ ಟೇಪಿನ ಮೇಲೆ ಕೂತಿರುತ್ತಿತ್ತು. ಕಚೇರಿಯಲ್ಲಿ ಯಾರಾದರೂ ಕೆಮ್ಮಿದರೆ, ಕುರ್ಚಿ ಕಿರುಗುಟ್ಟಿದರೆ, ಸುರುಳಿಯನ್ನು ಕೈಯಿಂದ ಹಿಂದೆಮುಂದೆ ತಿರುಗಿಸಿ, ಕೆಮ್ಮು ಎಲ್ಲಿದೆ ಎಂದು ಕಿವಿಯಿಂದ ಹುಡುಕಿ, ಮೇಣದ ಪೆನ್ಸಿಲ್ಲಿನಿಂದ ಗುರುತು ಮಾಡಿ, ಬ್ಲೇಡಿನಿಂದ ಓರೆಯಾಗಿ ಕತ್ತರಿಸಿ, ಎರಡು ತುದಿಯನ್ನೂ ಅಂಟಿಸಬೇಕು. ಅವಳು ಅಂಟಿಸಿದ ಜಾಗವನ್ನು ಭೂತಗನ್ನಡಿ ಹಿಡಿದರೂ ಹುಡುಕುವುದು ಕಷ್ಟವಾಗಿತ್ತು. ಸ್ಟುಡಿಯೋದಲ್ಲಿ ಅವಳ ಹೆಸರೇ 'ಕತ್ತರಿ' ಎಂದಾಗಿಹೋಗಿತ್ತು. ಆ ಹೆಸರಿಟ್ಟವನು ಅಲ್ಲಿನ ಹಿರಿಯ ರೆಕಾರ್ಡಿಸ್ಟು. ಅವನನ್ನು ಎಲ್ಲರೂ ಕಿವಿಯಣ್ಣ ಅನ್ನುತ್ತಿದ್ದರು. ಕತ್ತರಿ ಜೋರಾಗಿ ನಗುವ ಹುಡುಗಿ. ಕೆಳಗಿನ ಅಂಗಡಿಯವರು ಮೇಲೆ ಯಾರೋ ಪಾತ್ರೆ ಬೀಳಿಸಿದರು ಅಂದುಕೊಳ್ಳುವಷ್ಟು ಜೋರು.

ಒಂದು ಸಂಜೆ ಮಹಾನುಭಾವನ ಕಚೇರಿಯನ್ನು ಸಭಾಂಗಣದಲ್ಲೇ ರೆಕಾರ್ಡು ಮಾಡುವುದಿತ್ತು. ಯಂತ್ರವನ್ನು ವೇದಿಕೆಯ ಪಕ್ಕದ ಪರದೆಯ ಮರೆಯಲ್ಲಿ ಇಟ್ಟುಕೊಂಡು ಕಿವಿಯಣ್ಣ ಮತ್ತು ಕತ್ತರಿ ಕೂತಿದ್ದರು. ಮಹಾನುಭಾವನಿಗೊಂದು ಚಾಳಿ. ಪಿಟೀಲು ನುಡಿಸಲು ಕೂತರೆ ಬಲಗಾಲಿನ ಶೂ ಕಳಚಿಡಬೇಕು. ನೆಲದ ಕಂಪನ ಅಂಗಾಲಿಗೆ ತಿಳಿಯಬೇಕಂತೆ, ಪತ್ರಿಕೆಯವರ ಮುಂದೆ ಹಾಗೆ ಕೊಚ್ಚಿಕೊಂಡಿದ್ದ. ವೇದಿಕೆಯ ಅಂಚಿಗೆ ಹೂಕುಂಡಗಳ ಸಾಲು ಇದ್ದದ್ದರಿಂದ ಜನಕ್ಕೆ ಕಾಲು ಕಾಣುತ್ತಿರಲಿಲ್ಲ. ಪರದೆಯ ಹಿಂದಿದ್ದವರಿಗೆ ಚೆನ್ನಾಗಿ ಕಾಣುತ್ತಿತ್ತು.

ಕೊನೆಯದು ಶೋಕದ ವಿಳಂಬ ರಚನೆ. ಸಭೆಯಲ್ಲಿ ಮೂಗು ಸೀಟುವ ಸದ್ದು. ಮಹಾನುಭಾವನ ಮುಖದಲ್ಲಿ ಲೋಕದ ದುಃಖವೆಲ್ಲ ಬಂದು ಬಿಡಾರ ಹೂಡಿತ್ತು. ಮುಚ್ಚಿದ ಕಣ್ಣಿಂದ ನೀರು ಬೇರೆ. ಕೆಳಗೆ ಬಲಗಾಲು ಮಾತ್ರ ಶೂ ಹುಡುಕುತ್ತಿತ್ತು. ಶೂ ಎಲ್ಲಿಯೋ ಜಾರಿ ಕುರ್ಚಿಯ ಹಿಂದಕ್ಕೆ ಹೋಗಿತ್ತು. ಕಾಲುಚೀಲ ತೂತಾಗಿ ಹೆಬ್ಬೆರಳು ಹೊರಗೆ ಇಣುಕಿ, ಮನೆ ನಂಬರು ಕೇಳಿಕೊಂಡು ಬೀದಿ ಅಲೆಯುವವನ ಹಾಗೆ ಅತ್ತ ಇತ್ತ ತಡಕಾಡುತ್ತಿತ್ತು. ಮೇಲೆ ಬಿಲ್ಲು ಕೊನೆಯ ಸ್ವರವನ್ನು ಎಳೆದು ನಿಲ್ಲಿಸಿತು. ಸಭೆ ಉಸಿರು ಬಿಗಿಹಿಡಿಯಿತು. ಆ ನಿಶ್ಶಬ್ದದಲ್ಲಿ ಕತ್ತರಿ ಎಷ್ಟು ತುಟಿ ಕಚ್ಚಿ ಹಿಡಿದರೂ ತಡೆಯಲಾರದೆ ಗಹಗಹಿಸಿ ನಕ್ಕುಬಿಟ್ಟಳು.

ಮಾರನೆಯ ದಿನ ಅವಳು ಆ ನಗುವನ್ನು ಕತ್ತರಿಸಲು ಗುರುತು ಹಾಕುತ್ತಿದ್ದಾಗ ಮಹಾನುಭಾವ ಸ್ಟುಡಿಯೋಗೆ ಬಂದ. ಆ ತುಣುಕನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದ.

"ಯಾರದು ಈ ನಗು?"

ಕೆಲಸ ಹೋಯಿತು ಅಂದುಕೊಂಡು ಅವಳು, "ನಂದೇ ಸರ್, ತಪ್ಪಾಯ್ತು" ಅಂದಳು.

"ತಪ್ಪಾ? ನಾನು ಬಿಟ್ಟ ಸ್ವರದಿಂದಾನೇ ಇದು ಎದ್ದಿದೆ. ಒಂದು ಕೂದಲೆಳೆ ಆಚೀಚೆ ಇಲ್ಲ. ಇದನ್ನ ಮುಟ್ಟಬೇಡ."

ನೋಡಿ, ಅವಳು ಬಿದ್ದದ್ದು ಅಲ್ಲಿ. ಅವಳ ನಗುವನ್ನು ಕೇಳಿದವರೆಲ್ಲ ಆವರೆಗೆ 'ಮೆಲ್ಲಗೆ ನಗೇ' ಎಂದವರೇ. ಇವನೊಬ್ಬ ಕಣ್ಣುಮುಚ್ಚಿ ಕಿವಿಗೊಟ್ಟು ಕೇಳಿದ. ಹುಡುಗಿಯ ಎದೆ ಕರಗಿತು. ಯಾಕೆ ನಕ್ಕೆ ಎಂದು ಅವನು ಕೇಳಲಿಲ್ಲ ಅನ್ನುವುದನ್ನು ಅವಳು ಗಮನಿಸಲೂ ಇಲ್ಲ. ಆಮೇಲೆ ಕಾರು ಬಂತು, ಹೂಗುಚ್ಛ ಬಂತು, ಅತ್ತೆಯ ಎರಡು ಕೋಣೆಯ ಮನೆಯ ಮೆಟ್ಟಿಲು ಹತ್ತಿ ಮಹಾನುಭಾವ ತಾನೇ ಬಂದ.

ಅವನು ಹೋದ ಮೇಲೆ ಅತ್ತೆ ಮೂಗು ಮುರಿದಳು. "ಕೂತಷ್ಟು ಹೊತ್ತೂ ನಾನು ನಾನು ಅಂದನಲ್ಲೇ. ನಿನ್ನ ಬಗ್ಗೆ ಏನಾದ್ರೂ ಕೇಳಿದನಾ?"

"ನನ್ನ ನಗು ಇಷ್ಟ ಅವರಿಗೆ, ಅತ್ತೆ."

"ಇಷ್ಟ ಸರಿ. ಯಾತಕ್ಕೆ ನಕ್ಕೆ ಅಂತ ಹೇಳಿದೀಯಾ?"

"ಮದುವೆ ಆದ್ಮೇಲೆ ಹೇಳಿದ್ರಾಯ್ತು. ಅವರೂ ನಗ್ತಾರೆ."

ಅವರೂ ನಗುತ್ತಾರಂತೆ! ಪ್ರೀತಿಯಲ್ಲಿ ಬಿದ್ದವರ ಬುದ್ಧಿ ಮೇಯಲು ಹೋಗಿರುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಮದುವೆಯಾಯಿತು. ಮೊದಲು ಹೋದದ್ದು ಬ್ಲೇಡು. ತನ್ನಂಥವನ ಹೆಂಡತಿ ಟೇಪು ಕುಯ್ಯುತ್ತ ಕೂರುವುದೇ ಎಂದ, ಅವಳು ಕೆಲಸ ಬಿಟ್ಟಳು. ಅಷ್ಟರಲ್ಲಿ ಆ ರೆಕಾರ್ಡು ಬಿಸಿಬಿಸಿಯಾಗಿ ಖರ್ಚಾಗುತ್ತಿತ್ತು. ಕೊನೆಯ ಆ ನಗುವಿಗೇ ಜನ ಮುಗಿಬಿದ್ದಿದ್ದರು. ಸಂದರ್ಶನಕ್ಕೆ ಬಂದವರ ಮುಂದೆ ಮಹಾನುಭಾವ ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು, "ನನ್ನ ಸಂಗೀತ ಅವಳನ್ನ ದುಃಖದಿಂದ ಆಚೆಗೆ ದಾಟಿಸಿತು. ಅದು ಬಿಡುಗಡೆಯ ನಗು" ಎಂದು ಪಿಟೀಲಿಲ್ಲದೆಯೇ ಪಿಟೀಲು ಕುಯ್ಯುತ್ತಿದ್ದ. ಬಂದವರು ತಲೆದೂಗಿ ಬರೆದುಕೊಳ್ಳುತ್ತಿದ್ದರು. ಅವಳಿಗೆ ಹೆಬ್ಬೆರಳು ನೆನಪಾಗಿ ಕೆನ್ನೆಯ ಒಳಭಾಗವನ್ನು ಕಚ್ಚಿಕೊಳ್ಳಬೇಕಾಗುತ್ತಿತ್ತು. ಬಿಡುಗಡೆ ಹೊಂದಿದವಳಿಗೆ ಶೂ ಕಥೆ ಹೇಳಲು ಬಾಯಿ ಬರಲಿಲ್ಲ.

ಕಚೇರಿಗಳಲ್ಲೂ ಜನ ಅದೇ ನಗುವಿಗಾಗಿ ಕಾಯತೊಡಗಿದಾಗ ಮಹಾನುಭಾವ ಅವಳನ್ನು ಮೊದಲ ಸಾಲಿನಲ್ಲಿ ಕೂರಿಸಿದ. ಕೊನೆಯ ಸ್ವರ ನಿಂತ ಕೂಡಲೇ ನಗಬೇಕು. ಮೊದಮೊದಲು ಹೆಬ್ಬೆರಳನ್ನು ನೆನೆದು ನಕ್ಕಳು. ಆಮೇಲೆ ನೆನಪು ಸವೆಯಿತು, ನಗು ಗಟ್ಟಿಯಾಗಿ ಹೊರಡಲಿಲ್ಲ. ಆಗ ಮನೆಯಲ್ಲಿ ತಾಲೀಮು ಶುರುವಾಯಿತು. ಬೆಳಗಿನ ಕಾಫಿ ಮುಗಿದ ಕೂಡಲೇ ಮಹಾನುಭಾವ ಪಿಟೀಲು ಹೆಗಲಿಗೇರಿಸುತ್ತಿದ್ದ.

"ಹ್ಞೂಂ, ನಗು. ಇಲ್ಲ, ಕೆಳಗಾಯ್ತು. ಅರ್ಧ ಸ್ವರ ಮೇಲೆ ಹಿಡಿ. ಕೊನೇಲಿ ಯಾಕೆ ಎಳೀತೀಯಾ? ಇನ್ನೊಂದ್ಸಲ."

"ರೀ, ನಗು ಬರ್ತಿಲ್ಲ ನಂಗೆ."

"ನಂಗೆ ದಿನಾ ಅಳು ಬರುತ್ತಾ? ಆದ್ರೂ ವೇದಿಕೆ ಮೇಲೆ ಅಳ್ತೀನಲ್ಲ. ಕಲಿತುಕೋ."

ಹೀಗೆ ಹೇಳುವಾಗ ಅವನಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಅವಳು ಕಲಿತಳು. ಪಾಪ, ಕಲಿಯುವುದರಲ್ಲಿ ಅವಳು ಯಾವಾಗಲೂ ಎತ್ತಿದ ಕೈ.

ಒಂದು ಮಧ್ಯಾಹ್ನ ಅತ್ತೆಯ ಮನೆಗೆ ಹೋಗಿದ್ದಳು. ಅತ್ತೆ ಬಟ್ಟೆ ಮಡಚುತ್ತ, ಅರಿವಳಿಕೆ ಇಳಿಯುವ ಮುಂಚೆ ತನ್ನನ್ನೇ ಮದುವೆಯಾಗು ಎಂದು ಗೋಗರೆದ ಹಲ್ಲಿಲ್ಲದ ನ್ಯಾಯಾಧೀಶರ ಕಥೆ ಹೇಳಿದಳು. ಕತ್ತರಿ ನಕ್ಕಳು. ಅತ್ತೆ ಮಡಚುತ್ತಿದ್ದ ಹೊದಿಕೆಯನ್ನು ಹಾಗೇ ಕೆಳಗಿಟ್ಟಳು.

"ಇದೇನೇ ಇದು? ಗಡಿಯಾರ ಗಂಟೆ ಹೊಡೆದ ಹಾಗೆ ನಗ್ತೀಯಾ?"

ಅವಳಿಗೂ ಕೇಳಿಸಿತ್ತು. ಅದೇ ಎತ್ತರ, ಅದೇ ಇಳಿತ, ಕೊನೆಯಲ್ಲಿ ಎಳೆಯದೆ ನಿಂತದ್ದು. ಕಥೆಗೆ ನಿಜವಾಗಿ ನಗು ಬಂದಿತ್ತು, ಗಂಟಲಿಂದ ಹೊರಬಿದ್ದದ್ದು ಮಾತ್ರ ಅವನ ನಗು. ಇನ್ನೊಮ್ಮೆ ನಗಲು ನೋಡಿದಳು, ಮತ್ತೆ ಅದೇ. ಅವಳು ಹೆದರಿಹೋದಳು. ಸೀರೆ, ಮನೆ, ಕೆಲಸ ಹೋದರೆ ಮತ್ತೆ ದುಡಿದು ತರಬಹುದು. ತನ್ನ ನಗುವೇ ಹೋದರೆ ಎಲ್ಲಿಂದ ತರುವುದು? ಅತ್ತೆಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ಅಳು ಇನ್ನೂ ತನ್ನದೇ ಆಗಿತ್ತು.

"ಅವನಿಗೆ ನಾಲ್ಕು ಬಿಗಿದು ಬರ್ಲಾ?" ಅಂದಳು ಅತ್ತೆ.

"ಬೇಡ. ನಾನು ಇನ್ನು ನಗಲ್ಲ, ಅಷ್ಟೇ."

ಮುಂದಿನ ಕಚೇರಿಯಲ್ಲಿ ಅವಳು ನಗಲಿಲ್ಲ. ಮಹಾನುಭಾವ ಬಿಲ್ಲೆತ್ತಿ ಹಿಡಿದು ಕಾದ. ಇನ್ನೂ ಕಾದ. ಹಿಂದಿನ ಸಾಲಿನಲ್ಲಿ ಯಾರೋ ಭರ್ಜರಿಯಾಗಿ ಸೀನಿದರು. ಜನ ಅದಕ್ಕೇ ಚಪ್ಪಾಳೆ ತಟ್ಟಿದರು.

ಮನೆಗೆ ಬಂದವನು ಕೂಗಾಡುತ್ತಾನೆ ಅಂದುಕೊಂಡಿದ್ದಳು. ಅವನು ಅದಕ್ಕಿಂತ ಕೀಳಾದದ್ದನ್ನು ಯೋಚಿಸಿಕೊಂಡು ಬಂದಿದ್ದ. "ಸ್ಟುಡಿಯೋದಲ್ಲಿ ಒಂದ್ಸಲ ನಕ್ಕುಬಿಡು, ಸ್ವಚ್ಛವಾಗಿ. ಹಳೇ ರೆಕಾರ್ಡಲ್ಲಿ ಪಿಟೀಲಿನ ಗುಂಗು ಸೇರಿಕೊಂಡಿದೆ, ಪ್ರಯೋಜನಕ್ಕೆ ಬರಲ್ಲ. ಹೊಸದನ್ನ ಪ್ರತಿ ಕಚೇರೀಲೂ ಸ್ಪೀಕರಲ್ಲಿ ಹಾಕ್ತೀನಿ. ಆಮೇಲೆ ನೀನು ಬರೋ ತೊಂದರೆನೂ ಇಲ್ಲ."

ತೊಂದರೆಯಂತೆ. ನಗು ಅವನ ಪೆಟ್ಟಿಗೆಯಲ್ಲಿ, ಹೆಂಡತಿ ಮನೆಯ ಮೂಲೆಯಲ್ಲಿ. ಅವಳ ಮೈಯೆಲ್ಲ ಉರಿಯಿತು. ಆದರೂ, "ಆಗ್ಲಿ, ನಡೀರಿ" ಅಂದಳು. ಕಿವಿಯಣ್ಣನನ್ನು ನೋಡಿ ಎಷ್ಟೋ ಕಾಲವಾಗಿತ್ತು.

ಸ್ಟುಡಿಯೋ ಹಾಗೇ ಇತ್ತು. ಗಾಜಿನ ಈಚೆ ಮೈಕಿನ ಮುಂದೆ ಅವಳು, ಆಚೆ ಯಂತ್ರದ ಮುಂದೆ ಕಿವಿಯಣ್ಣ, ಅವನ ಪಕ್ಕ ಮಹಾನುಭಾವ. ಕೂತ ತಕ್ಷಣ ಅಭ್ಯಾಸಬಲದಿಂದ ಬಲಗಾಲಿನ ಶೂ ಕಳಚಿದ. ಅವನು ಗುಂಡಿ ಒತ್ತಿ ಮಾತಾಡಿದರೆ ಅವಳ ಕೋಣೆಯ ಸ್ಪೀಕರಿನಲ್ಲಿ ಕೇಳಿಸುತ್ತಿತ್ತು, ಅಲ್ಲಿಂದ ಮೈಕಿಗೂ ಬೀಳುತ್ತಿತ್ತು. ಟೇಪು ತಿರುಗತೊಡಗಿತು. ನಗು ಬರಲಿಲ್ಲ. ನಮ್ಮ ಮದುವೆಯ ದಿನ ನೆನಪಿಸಿಕೋ ಎಂದ. ಬರಲಿಲ್ಲ. ಕಿವಿಯಣ್ಣ ಪಾಪ ಮೂತಿ ಸೊಟ್ಟಗೆ ಮಾಡಿ ತೋರಿಸಿದ. ಅದಕ್ಕೂ ಬರಲಿಲ್ಲ.

ಮಹಾನುಭಾವನ ತಾಳ್ಮೆ ಕೆಟ್ಟಿತು. "ಅವತ್ತು ಕಚೇರೀಲಿ ಯಾಕೆ ನಕ್ಕೆ? ಅದನ್ನೇ ನೆನೆಸಿಕೊಂಡು ನಗು, ಮುಗೀತು."

ಇಷ್ಟು ವರ್ಷಕ್ಕೆ ಮಹಾನುಭಾವನ ಬಾಯಲ್ಲಿ ಆ ಪ್ರಶ್ನೆ ಬಂತು. ಅದೂ ಕೆಲಸಕ್ಕೆ ಬೇಕಾಗಿ ಬಂತು.

"ಹೇಳ್ಲಾ?" ಅಂದಳು.

"ಹೇಳು."

"ನೀವು ಮೇಲೆ ಗೊಳೋ ಅಂತ ಅಳ್ತಿದ್ರಿ. ಕೆಳಗೆ ನಿಮ್ಮ ಕಾಲು ಶೂ ಹುಡುಕ್ತಿತ್ತು. ಕಾಲುಚೀಲ ತೂತಾಗಿತ್ತು. ಹೆಬ್ಬೆರಳು ಹೊರಗೆ ಬಂದು ಅಲ್ಲೂ ಇಲ್ಲೂ ಇಣುಕ್ತಿತ್ತು. ಬಿಡುಗಡೆನೂ ಇಲ್ಲ, ಮಣ್ಣೂ ಇಲ್ಲ ರೀ. ನಾನು ನಕ್ಕಿದ್ದು ನಿಮ್ಮ ಹೆಬ್ಬೆರಳು ನೋಡಿ."

ಕಿವಿಯಣ್ಣ ತಲೆ ತಗ್ಗಿಸಿದ. ಭುಜ ಕುಲುಕುತ್ತಿತ್ತು. ಅವನೂ ಅವತ್ತು ಪರದೆಯ ಹಿಂದೆಯೇ ಇದ್ದವನಲ್ಲವೇ! ಮಹಾನುಭಾವನ ಮುಖ ಕೆಂಪೇರಿತು, ಆಮೇಲೆ ಬಿಳಿಚಿಕೊಂಡಿತು. ಅಪಮಾನವಾದ ದೊಡ್ಡ ಮನುಷ್ಯ ಹೇಗೆ ಎದ್ದು ಹೊರನಡೆಯಬೇಕೋ ಹಾಗೆ ಗಲ್ಲವೆತ್ತಿ ಎದ್ದುನಿಂತ. ಎದ್ದದ್ದೇನೋ ಸರಿ, ಶೂ ಎಲ್ಲಿ? ಕತ್ತು ಬಗ್ಗಿಸಿ ನೋಡಿದರೆ ಘನತೆಗೆ ಕುಂದು. ಆದ್ದರಿಂದ ಮುಖವನ್ನು ಹಾಗೇ ಗಂಭೀರವಾಗಿ ಮೇಲೆತ್ತಿಟ್ಟುಕೊಂಡು, ಕೆಳಗೆ ಕಾಲಿನಿಂದ ತಡಕಾಡುತ್ತ, ಗಾಜಿನ ಆಚೆ ಒಂದು ಪಕ್ಕಕ್ಕೆ ವಾಲಿ ವಾಲಿ ಕುಂಟತೊಡಗಿದ.

ಅವಳು ನಕ್ಕಳು. ಹೊಟ್ಟೆಯ ತಳದಿಂದ ಎದ್ದ ನಗು, ಶ್ರುತಿಯಿಲ್ಲ, ಲಯವಿಲ್ಲ, ನಡುವೆ ಗೊರಕೆಯಂಥ ಸದ್ದು ಬೇರೆ. ಪಾತ್ರೆಗಳು ದಡಬಡ ಬಿದ್ದ ಆ ಹಳೆಯ ನಗು. ಬಂತು, ತಾನಾಗಿಯೇ ಬಂತು! ಸಂತೋಷಕ್ಕೆ ಅವಳ ಕಣ್ಣಲ್ಲಿ ನೀರಾಡಿತು.

ಆ ಮಹಾನುಭಾವ ಏನು ಮಾಡಿದ ಗೊತ್ತೇ? ನಿಂತಲ್ಲೇ ಅರಳಿಬಿಟ್ಟ. ಕೇಳಿದ ಮಾತು, ಆದ ಅವಮಾನ ಎಲ್ಲ ಮರೆತು, ನಗು ಮುಗಿದದ್ದೇ ತಡ ಧಾವಿಸಿ ಗುಂಡಿ ಒತ್ತಿದ.

"ಸಿಕ್ತು! ಇದೇ ಬೇಕಾಗಿದ್ದಿದ್ದು ನಂಗೆ! ಸ್ವಲ್ಪ ಒರಟು, ಪರವಾಗಿಲ್ಲ, ಇದನ್ನೇ ಹಾಕೋಣ."

ಅವಳು ಕಣ್ಣೊರೆಸಿಕೊಂಡಳು. ಒಂದು ಕ್ಷಣ ಅವನನ್ನು ಗಾಜಿನ ಮೂಲಕ ನೋಡಿದಳು. ಇವನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ದಂಡ ಅನ್ನಿಸಿತು. ಬಾಗಿಲು ತಳ್ಳಿಕೊಂಡು ಯಂತ್ರದ ಕೋಣೆಗೆ ಬಂದಳು, ಯಂತ್ರ ನಿಲ್ಲಿಸಿದಳು, ಕೈಚಾಚಿದಳು. ಕಿವಿಯಣ್ಣ ಬ್ಲೇಡು ಕೊಟ್ಟ. ಸುರುಳಿಯನ್ನು ಕೈಯಿಂದ ಹಿಂದೆಮುಂದೆ ತಿರುಗಿಸಿದಳು. ಇಲ್ಲಿ ಶುರು, ಇಲ್ಲಿ ಕೊನೆ. ತನಗಾಗಿಯೇ ಕತ್ತರಿಸುತ್ತಿದ್ದಾಳೆ ಅಂದುಕೊಂಡು ಮಹಾನುಭಾವ ನೋಡುತ್ತ ನಿಂತ. ಎರಡು ಗುರುತು, ಎರಡು ಕೊಯ್ತ. ಎರಡು ಮೊಳ ಟೇಪು ಕೈಗೆ ಬಂತು. ಬೆರಳಿಗೆ ಸುತ್ತಿ ಕೈಚೀಲದಲ್ಲಿಟ್ಟುಕೊಂಡಳು. ಉಳಿದ ತುದಿಗಳನ್ನು ಒಪ್ಪವಾಗಿ ಅಂಟಿಸಿದಳು, ಕೆಲಸ ಕೆಲಸವೇ. ಕಿವಿಯಣ್ಣ ಅದನ್ನು ಹಾಕಿ ಕೇಳಿಸಿದ. "ನಾನು ನಕ್ಕಿದ್ದು ನಿಮ್ಮ ಹೆಬ್ಬೆರಳು ನೋಡಿ" ಎಂಬ ಅವಳ ದನಿಯ ಬೆನ್ನಿಗೇ ಮಹಾನುಭಾವನ ದನಿ ಬಂತು: "ಸಿಕ್ತು! ಇದೇ ಬೇಕಾಗಿದ್ದಿದ್ದು ನಂಗೆ!" ಅಂಟಿಸಿದ ಗುರುತೇ ಗೊತ್ತಾಗಲಿಲ್ಲ.

"ಅಣ್ಣ, ನನ್ನ ಸ್ಟೂಲು ಇದೆಯಾ ಇನ್ನೂ?"

"ಎಲ್ಲಿ ಹೋಗುತ್ತೆ? ಸೋಮವಾರ ಬಂದುಬಿಡು ಕತ್ತರಿ."

ಮಹಾನುಭಾವ ಬಾಗಿಲಿಗೆ ಅಡ್ಡ ನಿಂತ. "ಎಲ್ಲಿಗೆ ಹೊರಟೆ? ಆ ಚೀಲದಲ್ಲಿರೋದು ಕೊಡಿಲ್ಲಿ. ಅದು ನಂದು!"

"ನಿಮ್ಮದು ಶೂ," ಅಂದಳು ಅವಳು. "ಅಲ್ಲಿದೆ ನೋಡಿ, ಮೇಜಿನ ಕೆಳಗೆ."

ಅವನು ನೋಡಲು ಬಗ್ಗಿದ. ಅವಳು ಪಕ್ಕದಿಂದ ದಾಟಿ ಮೆಟ್ಟಿಲಿಳಿದಳು.